ಒಂದೇ ಮುಖ, ಎರಡು ಮಿದುಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನಿಂಗ್ ಯಂತ್ರ ನಡೆಸುವ ಹೆಂಗಸನ್ನು ಎಲ್ಲರೂ ಸ್ಕ್ಯಾನಕ್ಕ ಎಂದೇ ಕರೆಯುತ್ತಿದ್ದರು. ಇಬ್ಬರು ಮಾಡಬೇಕಾದ ಕೆಲಸ ಅದು. ಜೊತೆಗಿದ್ದವನು ಬಿಟ್ಟುಹೋಗಿ ಏಳು ತಿಂಗಳಾಗಿತ್ತು. ಹೊಸಬ ಇಂದು ಬಂದಾನು, ನಾಳೆ ಬಂದಾನು ಎಂದು ಕಾದು ಕಾದು ಅವಳು ಕೇಳುವುದನ್ನೇ ಬಿಟ್ಟಿದ್ದಳು. "ಮಾತಾಡಿಸಿದ್ರೆ ಹೂಂ ಅನ್ನೋಕೂ ನಿನಗೆ ಸುಸ್ತು" ಎಂದು ಗಂಡ ಗೊಣಗಿದರೆ ಅದಕ್ಕೂ ಹೂಂ ಅನ್ನುತ್ತಿದ್ದಳು.

ಸಾಲದ್ದಕ್ಕೆ ನರರೋಗ ವಿಭಾಗದ ಡಾಕ್ಟರಮ್ಮನ ಸಂಶೋಧನೆ ಬೇರೆ. ನಲವತ್ತು ಮಂದಿ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಬಂದು ಯಂತ್ರದೊಳಗೆ ಸುಮ್ಮನೆ ಮಲಗಬೇಕು.

"ಎಲ್ಲರ ತಲೆಯೊಳಗೂ ಇರೋದು ಅವೇ ಭಾಗಗಳು ಅಕ್ಕಾ" ಎಂದು ಡಾಕ್ಟರಮ್ಮ ಮೊದಲ ದಿನವೇ ವಿವರಿಸಿದ್ದಳು. "ಆದ್ರೆ ಯಾವ ಭಾಗಕ್ಕೆ ಯಾವುದರ ಜೊತೆ ಎಷ್ಟು ಒಡನಾಟ ಅನ್ನೋದು ಒಬ್ಬೊಬ್ಬರದ್ದು ಒಂದೊಂದು ಥರ. ಆ ಒಡನಾಟ ನೋಡಿಯೇ ಮನುಷ್ಯನ ಗುರುತು ಹಿಡಿಯಬಹುದಾ ಅಂತ ನೋಡ್ತಿದೀವಿ."

"ನನ್ನ ತಲೇಲಿ ಎಲ್ಲವೂ ಮಾತು ಬಿಟ್ಟು ಕೂತಿರಬೇಕು" ಎಂದಿದ್ದಳು ಸ್ಕ್ಯಾನಕ್ಕ.

ಆ ನಲವತ್ತರಲ್ಲಿ ಅವಳಿ ಅಣ್ಣತಮ್ಮಂದಿರೂ ಇದ್ದರು. ಅಣ್ಣ ಶಾಲಾ ಬಸ್ಸಿನ ಡ್ರೈವರ್. ಹನ್ನೊಂದು ನಿಮಿಷ ಚಿಕ್ಕವನಾದ ತಮ್ಮ ಟೈಲರ್. ಒಬ್ಬನನ್ನು ಬಚ್ಚಿಟ್ಟು ಇನ್ನೊಬ್ಬನನ್ನು ತೋರಿಸಬೇಕು, ಅಷ್ಟು ಒಂದೇ ಥರ.

ಎರಡನೇ ಸುತ್ತು ಮುಗಿದ ವಾರದಲ್ಲಿ ಡಾಕ್ಟರಮ್ಮ ಒಂದು ಮೆಮೊ ಹಿಡಿದು ಕೆಳಗಿಳಿದು ಬಂದಳು. ಮೂವತ್ತೊಂಬತ್ತು ಮಂದಿಯ ಎರಡೂ ಸ್ಕ್ಯಾನು ಹೊಂದಿಕೊಂಡಿದ್ದವು. ಡ್ರೈವರನದು ಮಾತ್ರ ತನ್ನದೇ ಹಳೆಯ ಸ್ಕ್ಯಾನಿಗೆ ತಾಳೆಯಾಗದೆ ತಮ್ಮನದಕ್ಕೆ ಅಚ್ಚುಕಟ್ಟಾಗಿ ಕೂತಿತ್ತು.

"ಅವಳಿಗಳಲ್ವಾ, ಒಂದೇ ಥರ ಇರುತ್ತೆ" ಎಂದಳು ಸ್ಕ್ಯಾನಕ್ಕ.

"ಹತ್ತಿರ ಹತ್ತಿರ ಇರುತ್ತೆ. ಇಷ್ಟು ಇರಲ್ಲ. ನೀವು ತಮ್ಮನ ಸ್ಕ್ಯಾನನ್ನೇ ಎರಡು ಹೆಸರಲ್ಲಿ ಸೇರಿಸಿಬಿಟ್ಟಿದ್ದೀರಿ ಅಕ್ಕಾ. ಮೇಲಿನವರು ಬರವಣಿಗೆಯಲ್ಲಿ ಉತ್ತರ ಕೇಳ್ತಿದ್ದಾರೆ."

ಸ್ಕ್ಯಾನಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು. ತನ್ನಿಂದಲೇ ಆಗಿರಬಹುದು ಅನ್ನಿಸಿತು. ಮೊನ್ನೆ ಉಪ್ಪಿನ ಡಬ್ಬಕ್ಕೆ ಸಕ್ಕರೆ ಸುರಿದವಳು ಇದನ್ನು ಮಾಡಲಾರಳೇ? "ತಪ್ಪಾಯ್ತು ಅಂತ ಬರೆದುಕೊಟ್ಟು ಕೈತೊಳ್ಕೋ" ಎಂದ ಗಂಡನ ಮಾತೂ ಸರಿಯೆನಿಸಿತು.

ಮರುದಿನ ಊಟದ ಬಿಡುವಿನಲ್ಲಿ ಬರೆಯಲು ಕೂತಳು. ಸ್ಕ್ಯಾನು ನಡೆದ ಹೊತ್ತನ್ನು ನಮೂದಿಸಲು ರಿಜಿಸ್ಟರ್ ತೆರೆದರೆ, ತಮ್ಮನದು ಹತ್ತೂ ಕಾಲಕ್ಕೆ, ಅಣ್ಣನದು ಹನ್ನೊಂದಕ್ಕೆ. ಕಂಪ್ಯೂಟರಿನಲ್ಲೂ ಅದೇ ಹೊತ್ತಿನ ಎರಡು ಬೇರೆ ಸ್ಕ್ಯಾನು. ಒಂದನ್ನೇ ಎರಡು ಸಲ ಸೇರಿಸಿರಲಿಲ್ಲ. ಒಬ್ಬನೇ ಎರಡು ಸಲ ಮಲಗಿದ್ದ.

ಅವಳು ಪೆನ್ನು ಮುಚ್ಚಿಟ್ಟು ಟೈಲರನಿಗೆ ಫೋನ್ ಮಾಡಿದಳು. ಸಂಜೆ ಅವನು ಕತ್ತಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದ. ಮೊದಲು ನಕ್ಕ, ಆಮೇಲೆ "ಏನೋ ನಿಮ್ಮ ಮಿಷನ್ನು ತಪ್ಪಿರಬೇಕು" ಎಂದ.

"ಮಿಷನ್ನು ತಪ್ಪಿದ್ರೆ ಅಣ್ಣನ ಹೆಸರಿನ ಸ್ಕ್ಯಾನು ನಿನ್ನದಕ್ಕೇ ಅಷ್ಟು ಸರಿಯಾಗಿ ಕೂರ್ತಿರಲಿಲ್ಲಪ್ಪ. ಮುಖ ನೋಡಿ ನಾನು ಮೋಸ ಹೋದೆ, ಅದು ಹೋಗಲಿಲ್ಲ. ಅಣ್ಣ ಯಾಕೆ ಬರಲಿಲ್ಲ?"

ಅವನು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಎರಡು ತಿಂಗಳಿಂದ ಅಣ್ಣನ ಬಲಗೈ ಆಗಾಗ ಕೊರಡಾಗುತ್ತೆ. ಒಂದು ನಿಮಿಷ, ಅಷ್ಟೇ. ಆವಾಗ ಮಾತೂ ಹೊರಡಲ್ಲ. ಇಲ್ಲಿ ಏನಾದ್ರೂ ಕಂಡ್ರೆ ಕೆಲಸ ಹೋಗುತ್ತೆ ಅಂತ ಹೆದರಿದ. ಬರದಿದ್ರೆ ನೀವು ಯಾಕೆ ಅಂತ ಕೇಳ್ತೀರಿ. ಅದಕ್ಕೇ ಶರ್ಟು ಬದಲಾಯಿಸಿಕೊಂಡು ನಾನೇ ಬಂದೆ. ಅತ್ತಿಗೆಗೂ ಗೊತ್ತಿಲ್ಲ."

"ಈಗಲೂ ಬಸ್ಸು ಓಡಿಸ್ತಿದಾನಾ?"

ಅವನು ತಲೆ ತಗ್ಗಿಸಿದ.

"ಬಸ್ಸಿನ ತುಂಬ ಮಕ್ಕಳು ಕಣೋ! ಅಣ್ಣನ ಮೇಲೆ ಪ್ರೀತಿ ಇದ್ರೆ ಹೀಗಾ ಮಾಡೋದು?" ಎಷ್ಟೋ ತಿಂಗಳ ಮೇಲೆ ಅವಳ ದನಿ ಏರಿತ್ತು. ಅವಳಿಗೇ ಆಶ್ಚರ್ಯವಾಯಿತು. "ನಾಳೆ ಬಸ್ಸು ಹತ್ತೋ ಮೊದಲು ಅವನು ಇಲ್ಲಿರಬೇಕು. ಇಲ್ಲದಿದ್ರೆ ಶಾಲೆಗೆ ನಾನೇ ಹೇಳ್ತೀನಿ."

ಅವನು ಹೋದ ಮೇಲೆ ಅವಳು ಮೇಲಕ್ಕೆ ಹೋಗಿ ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದಳು. ಡಾಕ್ಟರಮ್ಮ ಮೆಮೊವನ್ನು ಹರಿದು ಬುಟ್ಟಿಗೆ ಹಾಕಿ, "ಕ್ಷಮಿಸಿ ಅಕ್ಕಾ, ನಿಮ್ಮನ್ನ ಒಂದು ಮಾತೂ ಕೇಳದೆ ತೀರ್ಮಾನ ಮಾಡಿಬಿಟ್ಟೆ" ಎಂದಳು.

"ನಾನೂ ನನ್ನನ್ನ ಕೇಳಿಕೊಂಡಿರಲಿಲ್ಲ ಬಿಡಿ."

ಬೆಳಿಗ್ಗೆ ಅಣ್ಣ ಬಂದ. ಹಿಂದೆ ಹೆಂಡತಿ, ಅವಳ ಹಿಂದೆ ತಮ್ಮ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಲಗುವಾಗ ಅಣ್ಣ ಸ್ಕ್ಯಾನಕ್ಕನಿಗೆ ಹೇಳಿದ: "ಹದಿನೆಂಟು ವರ್ಷದ ಸ್ಟೀರಿಂಗು. ಕಿತ್ಕೊಳ್ತಿದೀರಿ."

ಅವಳು ಅವನ ಮೊಣಕಾಲಿನ ಕೆಳಗೆ ದಿಂಬಿಟ್ಟು, ಹೊದಿಕೆ ಎಳೆದು, "ಅಲುಗಾಡಬೇಡಿ" ಎಂದಳು.

ಮಿದುಳಿನ ಎಡಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಬೇಗ ಸಿಕ್ಕಿತು, ತೆಗೆಯಬಹುದು ಎಂದರು. ತೆಗೆದರು. ಕೈ ಮುಕ್ಕಾಲುಪಾಲು ಮರಳಿತು, ಬಸ್ಸು ಮಾತ್ರ ಮರಳಲಿಲ್ಲ. ಶಾಲೆಯವರು ಅವನನ್ನು ಬಸ್ಸು ನಿಲ್ಲಿಸುವ ಶೆಡ್ಡಿಗೆ ಹಾಕಿಕೊಂಡರು. ಟೈರಿನ ಗಾಳಿ, ಬ್ರೇಕು, ಡೀಸೆಲ್ಲು ನೋಡಿಕೊಳ್ಳುವ ಕೆಲಸ. ತಪಾಸಣೆಗೆಂದು ಆಸ್ಪತ್ರೆಗೆ ಬಂದಾಗ ಅವನು ಸ್ಕ್ಯಾನಕ್ಕನನ್ನು ಕಂಡರೂ ಕಾಣದಂತೆ ಹೋಗುತ್ತಿದ್ದ. ಒಂದು ದಿನ ಹೆಂಡತಿ ಮಾತ್ರ ಹಿಂದುಳಿದು ಅವಳ ಕೈ ಹಿಡಿದಳು. "ಅವರಿಗೆ ಇನ್ನೂ ಸಿಟ್ಟು ಹೋಗಿಲ್ಲ. ಸಿಟ್ಟು ಮಾಡ್ಕೊಳೋಕೆ ಅವರು ಇದಾರಲ್ಲ, ನನಗೆ ಅಷ್ಟು ಸಾಕು."

ಸ್ಕ್ಯಾನಕ್ಕನಿಗೆ ಏನಾದರೂ ಹೇಳಬೇಕೆನಿಸಿತು. ಆದರೆ ಬಾಗಿಲ ಹೊರಗೆ ಬೆಂಚಿನ ಮೇಲೆ ಇನ್ನೂ ಆರು ಜನ ಕೂತಿದ್ದರು. "ಹುಷಾರಾಗಿ ನೋಡ್ಕೊಳಮ್ಮ" ಎಂದಷ್ಟೇ ಹೇಳಿ, ಸೊಂಟಕ್ಕೆ ಕೈಕೊಟ್ಟು ಎದ್ದು, ಮುಂದಿನವರನ್ನು ಕರೆದಳು.