ಪಾ ಬ್ರಿಮಾನ ದನಿ

ಈಸ್ಟರ್‌ಗೆ ಮೂರೇ ವಾರ ಉಳಿದಿದ್ದಾಗ ಬೋ ಊರಿನ ನಮ್ಮ ಚರ್ಚಿಗೆ ಹೊಸ ಹಾಡಿನ ಮೇಷ್ಟ್ರು ಬಂದರು. ಹೆಸರು ನೆಸ್ಟರ್ ಅಯುಕ್, ಕ್ಯಾಮರೂನಿನವರು. ಸಿಯೆರಾ ಲಿಯೋನಿಗೆ ಕಾಲಿಟ್ಟು ಎರಡು ದಿನವಾಗಿತ್ತಷ್ಟೆ. ಮೊದಲ ಸಂಜೆಯ ಅಭ್ಯಾಸದಲ್ಲೇ ಅವರಿಗೆ ನಮ್ಮ ಹಾಡುಗುಂಪಿನ ಹಿರಿಯ ಪಾ ಬ್ರಿಮಾನ ದನಿ ಹಿಡಿಸಿಬಿಟ್ಟಿತು. ಬಾವಿಯೊಳಗಿಂದ ಬಂದ ಹಾಗಿರುವ ದನಿ ಅದು. ಹಬ್ಬದ ದಿನ ಒಬ್ಬರೇ ಹಾಡಬೇಕಾದ ಚರಣವನ್ನು ಅಲ್ಲೇ ಅವನಿಗೆ ಕೊಟ್ಟರು.

ಅದನ್ನು ಹಾಡುತ್ತಿದ್ದ ಪಾ ಬ್ರಿಮಾ ನಡುವೆಯೇ ಗಡಿಯಾರ ನೋಡಿ, ಪುಸ್ತಕ ಮಡಿಚಿಟ್ಟು ಹೊರಟೇಬಿಟ್ಟ.

“ಇದೆಂಥಾ ಶಿಸ್ತು, ಆಂಟಿ ಸಾಟಾ?” ಮೇಷ್ಟ್ರು ನನ್ನನ್ನು ಕೇಳಿದರು.

“ಅವನು ತಡ ಮಾಡಿದ್ರೆ ಇಡೀ ಬೀದಿ ಹಸ್ಕೊಂಡು ಕೂರತ್ತೆ ಮೇಷ್ಟ್ರೇ” ಅಂದೆ.

ಅಷ್ಟರಲ್ಲಿ ಎದುರಿನ ಮಸೀದಿಯ ಮೈಕಿನಲ್ಲಿ ಅದೇ ದನಿ ಬಾಂಗ್ ಕೂಗಿತು. ರಂಜಾನ್ ತಿಂಗಳು, ಉಪವಾಸ ಬಿಡುವ ಹೊತ್ತು. ಮೇಷ್ಟ್ರು ಕಿಟಕಿಯ ಬಳಿ ನಿಂತು ಪೂರ್ತಿ ಕೇಳಿಸಿಕೊಂಡರು.

“ಅವ್ರು ಮುಸ್ಲಿಮರಾ? ಫಾದರ್‌ಗೆ ಗೊತ್ತಾ?”

“ಫಾದರೇ ಅಲ್ವಾ ಕರ್ಕೊಂಡು ಬಂದಿದ್ದು. ಹನ್ನೊಂದು ವರ್ಷ ಆಯ್ತು. ಅವನ ಹೆಂಡ್ತಿ ಕ್ರಿಸ್ಟಿಯಾನಾ ನನ್ನ ಪಕ್ಕಾನೇ ನಿಂತು ಹಾಡ್ತಾಳೆ.”

ಮರುದಿನ ಮೇಷ್ಟ್ರು ಪಾ ಬ್ರಿಮಾನನ್ನು ಪಕ್ಕಕ್ಕೆ ಕರೆದು, ನಿಮ್ಮವರಿಂದ ನಿಮಗೆ ತೊಂದರೆಯಾಗಬಾರದು ಎಂದು ಹೇಳಿ, ಚರಣವನ್ನು ಬೇರೊಬ್ಬನಿಗೆ ಕೊಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಿಂದೆ ಇದ್ದ ಊರೊಂದರಲ್ಲಿ ಇಂಥದ್ದಕ್ಕೇ ಜಗಳವಾಗಿತ್ತಂತೆ. ಪಾ ಬ್ರಿಮಾ ತಲೆಯಾಡಿಸಿ ಹಿಂದಿನ ಸಾಲಿಗೆ ಹೋದ. ಅವತ್ತು ಅವನ ದನಿಯೇ ಏಳಲಿಲ್ಲ.

ಮೂರನೆಯ ದಿನ ಮಸೀದಿಯ ಇಮಾಮರೇ ಬಂದರು.

“ನಮ್ಮ ಬ್ರಿಮಾ ದನಿಗೆ ಏನಾಗಿದೆ ಮೇಷ್ಟ್ರೇ? ಹಿಂದೆ ನಿಲ್ಸಿದ್ದೀರಂತೆ. ಅವನ ಹಾಡು ಕೇಳೋಕೆ ನನ್ನ ತಂಗಿ ಕೆನೆಮಾದಿಂದ ಬರ್ತಿದ್ದಾಳೆ. ನಾನೂ ಬರ್ತೀನಿ. ಮುಂದಿನ ಸಾಲಲ್ಲಿ ಜಾಗ ಇಡಿ, ಹಿಂದೆ ಕೂತ್ರೆ ಕಂಬ ಅಡ್ಡ ಬರತ್ತೆ.”

ಮೇಷ್ಟ್ರ ಮುಖ ಸಣ್ಣಗಾಯಿತು. ಸಂಜೆ ಬಾಂಗ್ ಆದ ಮೇಲೆ ನನ್ನನ್ನೂ ಕರೆದುಕೊಂಡು ಪಾ ಬ್ರಿಮಾನ ಮನೆಗೆ ಹೋದರು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕ್ರಿಸ್ಟಿಯಾನಾ ಅನ್ನ, ಮರಗೆಣಸಿನ ಸೊಪ್ಪಿನ ಸಾರು ತಂದಿಟ್ಟಳು.

“ಮೊದ್ಲು ಊಟ” ಎಂದ ಪಾ ಬ್ರಿಮಾ. “ಬೆಳಗಿಂದ ಏನೂ ತಿಂದಿಲ್ಲ, ಬೇಜಾರು ಮಾಡ್ಕೊಳ್ಳೋಕೂ ಶಕ್ತಿ ಇಲ್ಲ.”

ಮೇಷ್ಟ್ರು ನಕ್ಕರು, ಎರಡು ಸಲ ಬಡಿಸಿಕೊಂಡರು. ಚರಣ ಮತ್ತೆ ಪಾ ಬ್ರಿಮಾನದಾಯಿತು.

ಈಸ್ಟರ್ ದಿನ ಬೆಳಗ್ಗೆ ಅವನು ನೀರೂ ಮುಟ್ಟದ ಗಂಟಲಲ್ಲಿ ಹಾಡಿದ. ಕೊನೆಯ ಸ್ವರ ಇಳಿದಾಗ ಮುಂದಿನ ಸಾಲಿನಲ್ಲಿದ್ದ ಇಮಾಮರ ತಂಗಿ ಕಣ್ಣೊರೆಸಿಕೊಂಡಳು. ಆಮೇಲೆ ಅಂಗಳದಲ್ಲಿ ಊಟ ಬಡಿಸುವಾಗ ಪಾ ಬ್ರಿಮಾ, ತನ್ನ ಪಾಲನ್ನು ಸಂಜೆಗೆಂದು ಕಟ್ಟಿಕೊಡಲು ಹೇಳಿದ. ಹಿಂದೆ ನಿಂತಿದ್ದ ಮೇಷ್ಟ್ರು ಕೈಯಲ್ಲಿದ್ದ ತಟ್ಟೆ ವಾಪಸ್ ಕೊಟ್ಟರು.

“ನಂದೂ ಅದ್ರ ಜೊತೇಲೇ ಕಟ್ಟಿಬಿಡಿ” ಎಂದರು.