ಲೀಸಿನಲ್ಲಿ ಮೂರನೇ ಹೆಸರು

ಏಳು ಮನೆ ನೋಡಿ ಆಗಿತ್ತು. ಒಂದು ಕಡೆ ‘ಈಗ ತಾನೇ ಕೊಟ್ಟುಬಿಟ್ವಿ’ ಅಂದರು. ಇನ್ನೊಂದು ಕಡೆ ನಿಮ್ಮ ಒಗ್ಗರಣೆ ವಾಸನೆ ಗೋಡೆಗೆ ಹಿಡಿಯುತ್ತೆ ಅಂದರು. ಹಿಡೀಲಿ ಬಿಡಿ, ಗೋಡೆ ಪುಣ್ಯ ಮಾಡಿತ್ತು ಅನ್ನೋಣ ಅನ್ನಿಸಿತು. ಅಪಾರ್ಟ್‌ಮೆಂಟಿನವರಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಹಳೇ ಸಾಲ ತೀರಿಸಿದ ದಾಖಲೆ, ಬೇಕು. ನಾವು ಅಮೆರಿಕಕ್ಕೆ ಬಂದೇ ಮೂರು ವಾರ, ಹಿಸ್ಟರಿ ಎಲ್ಲಿಂದ ತರೋದು?

ತೊಂಬತ್ತೇಳನೇ ಇಸವಿ, ಫೋರ್ಟ್ ಮಿಲ್ ಅನ್ನೋ ಊರು. ನಮ್ಮ ಯಜಮಾನರು ಹರಿಪ್ರಸಾದರ ಕಂಪನಿ ಕೊಟ್ಟಿದ್ದ ಮೋಟೆಲ್ ರೂಮು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅವತ್ತು ಬುಧವಾರ.

ಎಂಟನೆಯದು ಮಿಸೆಸ್ ಟಕರ್ ಅನ್ನೋ ಅಜ್ಜಿಯ ಮನೆ ಮಹಡಿ. ಕೆಳಗೆ ಅವರು, ಮೇಲೆ ಬಾಡಿಗೆಗೆ. ಅಡುಗೆಮನೆ ಕಿಟಕಿಯಿಂದ ಬಿಸಿಲು ಒಲೆ ಮೇಲೇ ಬೀಳುತ್ತಿತ್ತು. ಇದೇ ನಮ್ಮನೆ ಅಂತ ತೀರ್ಮಾನ ಮಾಡಿಬಿಟ್ಟೆ. ನಾನು ಹಟ ಹಿಡಿದರೆ ಬ್ರಹ್ಮ ಬಂದರೂ ಅಷ್ಟೇ.

ಒಂದು ವಿಷಯ ಮಾತ್ರ ನಾವಿಬ್ಬರೂ ಯಾರಿಗೂ ಹೇಳಿರಲಿಲ್ಲ. ನನಗೆ ಎರಡು ತಿಂಗಳು. ನಮ್ಮಲ್ಲಿ ಮೂರು ತುಂಬೋವರೆಗೆ ಬಾಯಿ ಬಿಡೋದಿಲ್ಲ, ದೃಷ್ಟಿಯಾಗುತ್ತೆ ಅಂತ. ಹೋದ ವರ್ಷ ಖುಷಿ ತಡೆಯಲಾರದೆ ಊರಿಗೆಲ್ಲ ಡಂಗುರ ಸಾರಿದ್ದೆ. ಹತ್ತೇ ದಿನಕ್ಕೆ ಕಳ್ಕೊಂಡೆ. ಅದಕ್ಕೇ ಈ ಸಲ ಮೈಸೂರಲ್ಲಿರೋ ಅಮ್ಮನಿಗೂ ಹೇಳಿರಲಿಲ್ಲ.

ಮಿಸೆಸ್ ಟಕರ್ ಟೇಬಲ್ ಮೇಲೆ ಲೀಸ್, ಅಂದರೆ ಬಾಡಿಗೆ ಕರಾರು, ಹರಡಿದರು. "ಎಷ್ಟು ಜನ?"

"ಇಬ್ಬರೇ," ಅಂದರು ನಮ್ಮವರು.

"ಹಿಂದಿನವರೂ ಇಬ್ಬರೇ ಅಂದಿದ್ದರು. ತಿಂಗಳಲ್ಲಿ ಆರು ಜನ ಆದರು. ಸುಳ್ಳು ಹೇಳಿದ್ದಕ್ಕೆ ಅವತ್ತೇ ಖಾಲಿ ಮಾಡಿಸಿದೆ." ನಮ್ಮಿಬ್ಬರ ಹೆಸರು ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಪೆನ್ನು ಹಿಡಿದೆ, ಕೈ ಓಡಲಿಲ್ಲ. ಇಬ್ಬರೇ ಅಂತ ಸೈನ್ ಹಾಕಿ, ಆಮೇಲೆ ನಮ್ಮನ್ನೂ ಖಾಲಿ ಮಾಡಿಸಿದರೆ ಡಿಸೆಂಬರ್ ಚಳಿಯಲ್ಲಿ ಕೂಸು ಎತ್ಕೊಂಡು ಎಲ್ಲಿಗೆ ಹೋಗಲಿ? ಹೇಳಿದರೆ ಮನೆ ಕೈತಪ್ಪಬಹುದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು.

"ಇಬ್ಬರಲ್ಲ, ಮೂವರು," ಅಂದೆ.

ನಮ್ಮವರು ಟೇಬಲ್ ಕೆಳಗೆ ನನ್ನ ಕಾಲು ತುಳಿದರು. ತುಳೀಲಿ.

ಅಜ್ಜಿ ಕಿಟಕಿಯಿಂದ ನಮ್ಮ ಕಾರು ನೋಡಿದರು. "ಮೂರನೆಯವರು ಎಲ್ಲಿ?"

ಹೊಟ್ಟೆ ಮೇಲೆ ಕೈಯಿಟ್ಟೆ. ಹಾಳಾದ ಕಣ್ಣೀರು ಆಗಲೇ ಬರಬೇಕಾ! "ಡಿಸೆಂಬರಿಗೆ ಬರುತ್ತೆ. ಹೋದ ವರ್ಷ ಒಂದು ಹೋಯ್ತು, ಹೆದರಿಕೆಗೆ ಯಾರಿಗೂ ಹೇಳಿಲ್ಲ. ಇದು ಅಳುತ್ತೆ, ಕೆಳಗೆ ನಿಮಗೆ ಕೇಳುತ್ತೆ. ಆದರೂ ಈ ಮನೆ ನನಗೆ ಬೇಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಮನೆಯಲ್ಲಿ ಮಗು ಅತ್ತು ಮೂವತ್ತು ವರ್ಷ ಆಯ್ತು," ಅಂದವರೇ ಪೆನ್ನು ಕಿತ್ಕೊಂಡು, ನಮ್ಮ ಹೆಸರುಗಳ ಕೆಳಗೆ ‘ಬೇಬಿ’ ಅಂತ ಬರೆದರು. ಪಕ್ಕದಲ್ಲಿ, ‘ದೇವರು ಚೆನ್ನಾಗಿಟ್ಟಿರಲಿ.’

ಮಾರನೇ ದಿನ ಬೆಳಿಗ್ಗೆ ಕಾಲಿಂಗ್ ಕಾರ್ಡ್ ನಂಬರ್ ಒತ್ತಿ ಮೈಸೂರಿಗೆ ಫೋನ್ ಮಾಡಿದೆ.

"ಅಮ್ಮ, ಬೈಬೇಡ. ನಿನಗಿಂತ ಮುಂಚೆ ಬೇರೆಯವರಿಗೆ ಹೇಳ್ಬಿಟ್ಟೆ," ಅಂತ ಎಲ್ಲಾ ಒಪ್ಪಿಸಿದೆ.

ಹೋದ ವರ್ಷದ್ದು ಅಮ್ಮನಿಗೂ ನೆನಪಾಗಿರಬೇಕು.

"ಆ ಯಮ್ಮ ಬಾಯ್ತುಂಬ ಒಳ್ಳೇದಾಗ್ಲಿ ಅಂದ್ರಾ, ಮೈಥಿಲಿ?"

"ಬರೆದೇ ಕೊಟ್ಟಿದ್ದಾರಮ್ಮ. ಕೆಳಗೆ ಸೈನೂ ಹಾಕಿದ್ದಾರೆ."