ಕಾಂತಾಳ ಅವ್ವನ ಪಗಾರ

ಹತ್ತು ವರ್ಷ ತುಂಬಿದ ಹುಡುಗಿಯರನ್ನು ಬೆಳಗಾವಿಯ ಆ ಅನಾಥಾಲಯದಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಖಾನಾಪುರದಲ್ಲಿದ್ದ ದೊಡ್ಡ ಹುಡುಗಿಯರ ವಸತಿಗೃಹಕ್ಕೆ ಕಳಿಸಿಬಿಡುತ್ತಿದ್ದರು. ಕಾಂತಾಗೆ ಹತ್ತು ತುಂಬುತ್ತ ಬಂದಿತ್ತು. ಅವಳನ್ನು ಹಸುಗೂಸಿನಿಂದ ಸಾಕಿದ ಆಯಾ ನಿಂಗವ್ವನಿಗೆ ಆ ವರ್ಷವೆಲ್ಲ ಅದೇ ಚಿಂತೆ.

ಒಂದೇ ದಾರಿಯಿತ್ತು. ಹುಡುಗಿಯನ್ನು ನಾನೇ ಸಾಕಿಕೊಳ್ಳುತ್ತೇನೆಂದು ನಿಂಗವ್ವ ಮಕ್ಕಳ ಸಮಿತಿಯವರ ಮುಂದೆ ಹೋಗಿ ಕೈಮುಗಿದಿದ್ದಳು. ಅವರು ಕೇಳಿದ್ದೂ ಒಂದೇ: "ಸಾಕಾಕ ನಿನಗ ಉತ್ಪನ್ನ ಏನೈತಿ?" ಅನಾಥಾಲಯದವರು ಕೊಡುತ್ತಿದ್ದುದು ಎರಡು ಹೊತ್ತಿನ ಊಟ, ಉಡಲು ಸೀರೆ, ಕೈಗಿಷ್ಟು ಚಿಲ್ಲರೆ. ಅದಕ್ಕೆ ಗೌರವಧನ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಗೌರವ ಎಲ್ಲಿತ್ತೋ, ಧನ ಎಲ್ಲಿತ್ತೋ, ಹೆಸರಿಟ್ಟವರೇ ಹೇಳಬೇಕು.

ಎಂಬತ್ತೆರಡನೆಯ ಇಸವಿಯಲ್ಲಿ ಹೊಸ ಹುಕುಂ ಬಂತು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಇಂಥ ಸಂಸ್ಥೆಗಳೂ ಕೆಲಸದವರಿಗೆ ಕನಿಷ್ಠ ವೇತನ ಕೊಡಲೇಬೇಕು. ಅಡಿಗೆಯ ಬಿಲ್ಕೀಸ ಸುದ್ದಿ ಹೊತ್ತುಕೊಂಡು ಓಡಿಬಂದಳು.

"ನಿಂಗವ್ವಕ್ಕಾ, ಲೇಬರ್ ಸಾಹೇಬ್ರು ಬರ್ತಾರಂತ. ಪಗಾರಕ್ಕ ದುಡಿಯೋರದೀವಿ ಅಂತ ಒಂದ ಮಾತ ಹೇಳು, ಸಾಕು. ಆಮ್ಯಾಲ ನಿನ್ನ ಕಾಂತಾನ್ನ ಯಾರೂ ಕಸಗೊಳ್ಳಾಂಗಿಲ್ಲ."

ನಿಂಗವ್ವ ಮರುದಿನವೇ ನೆಹರು ನಗರದ ಹತ್ತಿರ ಬಾಡಿಗೆಗೆ ಒಂದು ಖೋಲಿ ನೋಡಿಬಂದಳು. ಹುಡುಗಿ ಓದುವುದಕ್ಕೆ ಬೆಳಕು ಬೀಳುತ್ತದೆಯೇ ಎಂದು ಮನೆ ಮಾಲೀಕರನ್ನು ಮತ್ತೆ ಮತ್ತೆ ಕೇಳಿ ಬೈಸಿಕೊಂಡಳು. ಬೈದದ್ದೂ ಅವಳಿಗೆ ಹಿತವಾಗಿಯೇ ಇತ್ತು.

ಸಂಸ್ಥೆಯ ಸೆಕ್ರೆಟರಿ ಚನ್ನಬಸಯ್ಯನವರು ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುತ್ತ ಮಾತಿಗೂ ಬೆಲ್ಲ ಸವರುವುದನ್ನು ಕಲಿತವರು. ಅಲ್ಲಿಯ ಆಯಾಗಳಲ್ಲಿ ಒಂದು ನಂಬಿಕೆಯಿತ್ತು: ಎತ್ತಿ ಆಡಿಸಿದ ಕೂಸಿನೆದುರು, ಅದನ್ನು ಸಾಕಿದ್ದಕ್ಕೆ ಕೂಲಿ ಎಂಬ ಮಾತು ಬಾಯಿಂದ ಬರಬಾರದು, ಬಂದರೆ ಕೂಸಿಗೆ ಏಳಿಗೆಯಿಲ್ಲ. ಇದು ಚನ್ನಬಸಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು.

ಸಾಹೇಬರು ಬಂದು ಕುಳಿತರು. ಬಿಲ್ಕೀಸ ಒಳಗೆ ಹೋಗಿ, ಪಗಾರಕ್ಕೆ ದುಡಿಯುವವಳೆಂದು ಧೈರ್ಯವಾಗಿ ಹೇಳಿ ಹೊರಬಂದಳು. ಮುಂದೆ ನಿಂಗವ್ವನ ಸರದಿ. ಚನ್ನಬಸಯ್ಯನವರು ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯನ್ನು ಅಕ್ಕರೆಯಿಂದ ಕರೆದರು: "ಬಾ ಕಾಂತಾ, ನಿಮ್ಮವ್ವನ ಬಾಜು ಕುಂದರು."

"ಖರೇ ಹೇಳವ್ವಾ, ಅಂಜಬ್ಯಾಡ," ಎಂದರು ಸಾಹೇಬರು. ಮನುಷ್ಯ ಒಳ್ಳೆಯವರೇ. "ಈ ಮಕ್ಕಳನ್ನ ನೋಡಕೊಳ್ಳೂದು ಪಗಾರಕ್ಕೇನು?"

ಕಾಂತಾ ಅವಳ ಕೈ ಹಿಡಿದುಕೊಂಡು ಮುಖವನ್ನೇ ನೋಡುತ್ತಿದ್ದಳು. ನಿಂಗವ್ವ ಹುಡುಗಿಯ ತಲೆ ಸವರಿದಳು. ಆಮೇಲೆ ಅಂದಳು:

"ಇಲ್ರಿ ಸಾಹೇಬ್ರ. ಈಕಿ ನನ್ನ ಮಗಳು. ಮಗಳನ್ನ ಸಾಕಾಕ ಯಾರರ ಪಗಾರ ತಗೋತಾರೇನ್ರಿ?"

ಸಾಹೇಬರು ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಸ್ವಯಂಸೇವಕಿ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಬಿಲ್ಕೀಸ ಹಣೆ ಹಣೆ ಬಡಿದುಕೊಂಡಳು. "ತಾಯಿ ಅಂದ್ರ ಹಿಂಗಿರಬೇಕ್ ನೋಡ್ರಿ," ಎಂದು ಚನ್ನಬಸಯ್ಯನವರು ಕಣ್ಣೊರೆಸಿಕೊಂಡರು. ಆ ಕಣ್ಣಿಗಿಷ್ಟು ಮಣ್ಣು ಬೀಳಲಿ!

ಬಿಲ್ಕೀಸಳಿಗೆ ಪಗಾರ ನಿಗದಿಯಾಯಿತು. ಆದಾಯವಿಲ್ಲದ ಹೆಂಗಸಿಗೆ ಹುಡುಗಿಯನ್ನು ಕೊಡಲಾಗದು ಎಂದು ಸಮಿತಿ ಹೇಳಿತು. ನಿಂಗವ್ವ ಸಾಹೇಬರ ಕಚೇರಿಗೆ ಓಡಿ ಅವರ ಕಾಲು ಹಿಡಿದಳು.

"ನಾ ಪಗಾರದಾಕೀನ ರೀ. ಅವತ್ತ ಹುಡುಗಿ ಎದುರಿಗಿತ್ತು, ಅದಕ್ಕ ಹಂಗಂದ್ನಿ. ತಿದ್ದಿ ಬರಕೋರಿ."

ಸಾಹೇಬರು ಅವಳನ್ನು ಎಬ್ಬಿಸಿ ನೀರು ಕೊಟ್ಟರು. ತಿದ್ದಿಸಬೇಕಾದರೆ ಮತ್ತೆ ವಿಚಾರಣೆಯಾಗಬೇಕು, ವರ್ಷವಾದರೂ ಹಿಡಿದೀತು ಎಂದರು. ಅಷ್ಟರೊಳಗೆ ಕಾಂತಾಳನ್ನು ಕಳಿಸುವ ದಿನ ಬಂದೇಬಿಟ್ಟಿತು. ಜೀಪು ಹತ್ತುವಾಗ ಹುಡುಗಿ ನಿಂಗವ್ವನ ಸೆರಗು ಬಿಡಲೊಲ್ಲದೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿದವಳೂ ನಿಂಗವ್ವನೇ. ಬೇರೆಯವರು ಬಿಡಿಸಿದರೆ ಎಲ್ಲಿ ನೋಯಿಸುತ್ತಾರೋ ಎಂಬ ಭಯ ಅವಳಿಗೆ.

ಕೆಲವು ತಿಂಗಳ ಮೇಲೆ ಚುರಮುರಿ ಉಂಡಿ ಕಟ್ಟಿಕೊಂಡು ಖಾನಾಪುರಕ್ಕೆ ಹೋದಳು. ಗೇಟು ಕಾಯುವ ದುಂಡಪ್ಪ, "ಹುಡುಗಿಗೆ ನೀವು ಏನಾಗಬೇಕ್ರಿ?" ಎಂದ. ತಾಯಿ ಎನ್ನಲು ಕಾಗದವಿರಲಿಲ್ಲ, ಸಂಸ್ಥೆಯ ಆಯಾ ಎನ್ನಲು ಪಗಾರವಿರಲಿಲ್ಲ. ಅವಳು ಗೇಟಿನ ಕಂಬಿ ಹಿಡಿದು ಒಳಗೆ ನೋಡಿದಳು.

ಒಳಗೆ ಅಂಗಳದಲ್ಲಿ ಹೊಸ ಆಯಾ ಒಬ್ಬಳು ಕಾಂತಾಳ ತಲೆ ಬಾಚುತ್ತಿದ್ದಳು.

"ಮೆಲ್ಲಕ ಅವ್ವಾ, ನೋಯತೈತಿ," ಎಂದಳು ಕಾಂತಾ ಅವಳಿಗೆ.

ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದಳು. ನಿಂಗವ್ವ ಕೂಗಲಿಲ್ಲ. ಅತ್ತು ಅತ್ತು ಈಗಷ್ಟೇ ಸುಮ್ಮನಾಗಿರುವ ಹುಡುಗಿ. ಉಂಡಿಯ ಗಂಟನ್ನು ದುಂಡಪ್ಪನ ಕೈಗಿಟ್ಟು ಮೆಲ್ಲಗೆ ಕೇಳಿದಳು:

"ಆ ಅಕ್ಕಾರಿಗೆ ಪಗಾರ ಕೊಡತಾರೇನ್ರಿ?"

"ಕೊಡದ ಏನ್ ಮಾಡತಾರ್ರಿ, ಕಾಯ್ದೆ ಆಗೇತಲ್ಲ. ಪೂರ್ತಿ ಕೊಡತಾರ."

"ಹಂಗಾರ ಚಲೋ ಆತ್ರಿ," ಎಂದಳು ನಿಂಗವ್ವ. "ಅಕಿ ನನ್ನ ಹುಡುಗೀನ್ನ ಬಿಟ್ಟು ಹೋಗಾಂಗಿಲ್ಲ."